ಬಹುಪದೋಕ್ತಿಯ ಗುಣಾಕಾರ, ಭಾಗಾಕಾರ: ಲೆಕ್ಕ ಎಲ್ಲಿ ಕೆಟ್ಟಿದೆ ಎಂದು ಹುಡುಕುವ ಕೈಪಿಡಿ

ಕೊಳವೆಬಾವಿಯ ಮೋಟರ್ ನೀರು ಎತ್ತದಿದ್ದರೆ ಬಾಗಲಕೋಟೆ ಕಡೆಯ ರೈತ ಮೊದಲಿಗೇ ಪೈಪುಗಳನ್ನೆಲ್ಲ ಮೇಲಕ್ಕೆ ಎಳೆಸುವುದಿಲ್ಲ. ಮೂರೂ ಫೇಸ್ ಕರೆಂಟ್ ಇದೆಯೇ, ಫ್ಯೂಸ್ ಹೋಗಿದೆಯೇ, ಸ್ಟಾರ್ಟರ್ ಹಿಡಿಯುತ್ತಿದೆಯೇ ಎಂದು ಮೇಲಿನಿಂದಲೇ ನೋಡುತ್ತಾನೆ. ಬಹುಪದೋಕ್ತಿ ತಪ್ಪಿದಾಗ ಮಾತ್ರ ಮಕ್ಕಳು ಉಲ್ಟಾ ಮಾಡುತ್ತಾರೆ. "ಸರ, ಎಲ್ಲಾ ಬರೋಬ್ಬರಿ ಮಾಡೇನಿ, ಉತ್ತರ ತಾಳಿ ಆಗವಲ್ದು" ಎಂದು ಇಡೀ ಲೆಕ್ಕಕ್ಕೆ ಗೆರೆ ಎಳೆದು ಮೊದಲಿನಿಂದ ಶುರು ಮಾಡುತ್ತಾರೆ. ಕೈಯ ರೂಢಿ ಬದಲಾಗಿರುವುದಿಲ್ಲವಾದ್ದರಿಂದ ತಪ್ಪು ಮತ್ತೆ ಅದೇ ಜಾಗದಲ್ಲಿ ಬರುತ್ತದೆ. ಬಿಡಿಸಿದ ಲೆಕ್ಕವನ್ನು ಹೊಡೆದುಹಾಕದೆ, ಕೆಟ್ಟ ಜಾಗವನ್ನು ಹೊರಗಿನಿಂದಲೇ ಗುರುತಿಸುವ ದಾರಿ ಇಲ್ಲಿದೆ. ಎಂಟರಿಂದ ಹತ್ತನೇ ತರಗತಿಯ ಮಕ್ಕಳಿಗೂ ಅವರಿಗೆ ಮನೆಯಲ್ಲಿ ಹೇಳಿಕೊಡುವವರಿಗೂ ಇಷ್ಟು ಸಾಕು.

ಚರಾಕ್ಷರವನ್ನು ಇಲ್ಲಿ ಕ್ಷ ಎಂದು ಬರೆದಿದೆ. ಪಠ್ಯಪುಸ್ತಕದ ಎಕ್ಸ್ ಅದೇ. ಕ್ಷ² − 4ಕ್ಷ + 5 ರ ಹಾಗೆ ಪದಗಳು ಕೂಡಿದ್ದು ಬಹುಪದೋಕ್ತಿ; ಅದರಲ್ಲಿ ತಲೆಯ ಮೇಲಿನ 2 ಘಾತಸೂಚಿ, ಕ್ಷ ದ ಮುಂದಿನ −4 ಸಹಗುಣಕ, ಕ್ಷ ಇಲ್ಲದ 5 ಸ್ಥಿರಪದ.

ಟೆಸ್ಟರ್: 0, 1, −1, 2

ಗುಣಾಕಾರ ಸರಿಯಾಗಿದ್ದರೆ ಕ್ಷ ಜಾಗದಲ್ಲಿ ಯಾವ ಸಂಖ್ಯೆ ಹಾಕಿದರೂ ಪ್ರಶ್ನೆ ಮತ್ತು ಉತ್ತರ ಎರಡೂ ಒಂದೇ ಬೆಲೆ ಕೊಡಬೇಕು. ಹಾಗೆಂದು ಎಲ್ಲ ಸಂಖ್ಯೆಗಳೂ ಒಂದೇ ಸುದ್ದಿ ಹೇಳುವುದಿಲ್ಲ. 0 ಹಾಕಿದರೆ ಸ್ಥಿರಪದವಷ್ಟೇ ಪರೀಕ್ಷೆಯಾಗುತ್ತದೆ. 1 ಹಾಕಿದರೆ ಎಲ್ಲ ಸಹಗುಣಕಗಳ ಮೊತ್ತ ಸಿಗುತ್ತದೆ, ಘಾತಸೂಚಿ ಏನಿದ್ದರೂ ಅದಕ್ಕೆ ಕಾಣುವುದಿಲ್ಲ. −1 ಹಾಕಿದರೆ ಸಮ ಘಾತ ಮತ್ತು ಬೆಸ ಘಾತ ಬೇರೆಬೇರೆಯಾಗುತ್ತವೆ. 2 ಹಾಕಿದಾಗ ಘಾತಸೂಚಿಯ ತಪ್ಪು ಬಯಲಾಗುತ್ತದೆ.

ಮೂರನೇ ಘಾತದವರೆಗಿನ ಉತ್ತರಕ್ಕೆ ಈ ನಾಲ್ಕೂ ಬೆಲೆ ತಾಳೆಯಾದರೆ ಉತ್ತರ ಖಂಡಿತ ಸರಿ. ಸರಿ ಉತ್ತರ ಮತ್ತು ನಿಮ್ಮ ಉತ್ತರದ ವ್ಯತ್ಯಾಸ ಹೆಚ್ಚೆಂದರೆ ಘನ ಬಹುಪದೋಕ್ತಿ. ಅದಕ್ಕೆ ಮೂರಕ್ಕಿಂತ ಹೆಚ್ಚು ಶೂನ್ಯತೆಗಳು, ಅಂದರೆ ಅದನ್ನು ಸೊನ್ನೆ ಮಾಡುವ ಕ್ಷ ಬೆಲೆಗಳು, ಇರಲಾರವು. ನಾಲ್ಕು ಕಡೆ ಸೊನ್ನೆ ಬಂತೆಂದರೆ ವ್ಯತ್ಯಾಸವೇ ಸೊನ್ನೆ. ನಾಲ್ಕನೇ ಘಾತಕ್ಕೆ ಇನ್ನೊಂದು ಬೆಲೆ ಬೇಕು, −2 ಹಾಕಿ.

ಟೆಸ್ಟರೇ ಕೆಟ್ಟಿರುವುದೂ ಉಂಟು. −5ಕ್ಷ² ದಲ್ಲಿ ಕ್ಷ = −1 ಹಾಕಿದರೆ −5 × (−1)² = −5. ಇದನ್ನು +5 ಎಂದು ಬರೆಯುವವರು ಬಹಳ. ಬೆಲೆ ಹಾಕುವಾಗ ಆವರಣ ಬಿಡಬೇಡಿ.

ಗುಣಾಕಾರ: ಹಾಸು–ಹೊಕ್ಕು

(2ಕ್ಷ + 3)(ಕ್ಷ² − 4ಕ್ಷ + 5) ತೆಗೆದುಕೊಳ್ಳಿ. ಎರಡು ಪದ, ಮೂರು ಪದ; ಗುಣಲಬ್ಧಗಳು 2 × 3 = 6. ಬರೆಯುವ ಮೊದಲೇ ಈ ಆರನ್ನು ಅಂಚಿನಲ್ಲಿ ಗುರುತು ಹಾಕಿಕೊಳ್ಳಿ.

ಇಳಕಲ್ ಸೀರೆಯಲ್ಲಿ ಮೈಯ ಹಾಸಿನ ಎಳೆಗಳನ್ನು ಸೆರಗಿನ ಹಾಸಿನ ಎಳೆಗಳಿಗೆ ಕುಣಿಕೆ ಹಾಕಿ ಕೂಡಿಸುತ್ತಾರೆ. ತೋಪ ತೆನಿ ಅನ್ನುವುದು ಅದಕ್ಕೇ. ಅಲ್ಲಿ ಎಳೆಗೆ ಎಳೆ ಜೋಡಿ. ಮಗ್ಗದ ಮೇಲೆ ನೇಯುವಾಗ ಆ ಲೆಕ್ಕ ನಡೆಯುವುದಿಲ್ಲ, ಹೊಕ್ಕಿನ ಪ್ರತಿ ಎಳೆಯೂ ಹಾಸಿನ ಪ್ರತಿ ಎಳೆಯನ್ನು ದಾಟಲೇಬೇಕು. ಬಹುಪದೋಕ್ತಿಯ ಗುಣಾಕಾರ ಈ ಎರಡನೇ ಜಾತಿಯದು. ಮೊದಲನೆಯದನ್ನು ಮೊದಲನೆಯದಕ್ಕೆ, ಕೊನೆಯದನ್ನು ಕೊನೆಯದಕ್ಕೆ ಗುಣಿಸಿ ಕೈ ತೊಳೆದುಕೊಳ್ಳುವ ಮಗು ನೇಯುವ ಕಡೆ ಕುಣಿಕೆ ಹಾಕುತ್ತಿದೆ.

ಆರೂ ಗುಣಲಬ್ಧಗಳನ್ನು ಚೌಕ ಗೆರೆಯ ಹಾಳೆಯಲ್ಲಿ ಎರಡು ಸಾಲಾಗಿ ಇಡಿ:

2ಕ್ಷ ಸಾಲು: 2ಕ್ಷ³, −8ಕ್ಷ², +10ಕ್ಷ
3 ರ ಸಾಲು: +3ಕ್ಷ², −12ಕ್ಷ, +15

ಪದಗಳು ಇಳಿಕೆಯ ಕ್ರಮದಲ್ಲಿದ್ದು ನಡುವೆ ಯಾವ ಘಾತವೂ ಬಿಟ್ಟುಹೋಗದಿದ್ದರೆ ಸಜಾತಿ ಪದಗಳು ಓರೆಯಾಗಿ ಒಂದೇ ಸಾಲಿಗೆ ಬೀಳುತ್ತವೆ: −8ಕ್ಷ² ಮತ್ತು 3ಕ್ಷ², 10ಕ್ಷ ಮತ್ತು −12ಕ್ಷ. ಕೂಡಿಸಿದರೆ 2ಕ್ಷ³ − 5ಕ್ಷ² − 2ಕ್ಷ + 15.

ಟೆಸ್ಟರ್ ಹಚ್ಚಿ. ಕ್ಷ = 0: 3 × 5 = 15, ಉತ್ತರದಲ್ಲೂ 15. ಕ್ಷ = 1: 5 × 2 = 10, ಉತ್ತರದಲ್ಲಿ 2 − 5 − 2 + 15 = 10. ಕ್ಷ = −1: 1 × 10 = 10, ಉತ್ತರದಲ್ಲಿ −2 − 5 + 2 + 15 = 10. ಕ್ಷ = 2: 7 × 1 = 7, ಉತ್ತರದಲ್ಲಿ 16 − 20 − 4 + 15 = 7.

ಎಷ್ಟು ತಪ್ಪಿದೆ ಎಂಬುದರಲ್ಲೇ ಸುಳಿವು

ಉತ್ತರ ತಪ್ಪಾಗಿದೆ ಎಂದು ತಿಳಿದರಷ್ಟೇ ಸಾಲದು. ಎಷ್ಟು ತಪ್ಪಿದೆ ಎಂದು ಬರೆದಿಡಿ. ಬಂದ ಬೆಲೆಯಿಂದ ಬರಬೇಕಾದ ಬೆಲೆಯನ್ನು ಕಳೆದು, ಕ್ಷ = 1 ರ ವ್ಯತ್ಯಾಸವನ್ನೂ ಕ್ಷ = 2 ರ ವ್ಯತ್ಯಾಸವನ್ನೂ ಅಕ್ಕಪಕ್ಕ ಇಡಿ. ತಪ್ಪು ಒಂದೇ ಘಾತದ ಪದದಲ್ಲಿದ್ದರೆ ಎರಡನೆಯದು ಮೊದಲನೆಯದರ ಎಷ್ಟು ಪಟ್ಟು ಎಂಬುದೇ ಜಾಗ ತೋರಿಸುತ್ತದೆ. ಅಷ್ಟೇ ಉಳಿದರೆ ತಪ್ಪು ಸ್ಥಿರಪದದಲ್ಲಿ, ಎರಡು ಪಟ್ಟಾದರೆ ಕ್ಷ ಪದದಲ್ಲಿ, ನಾಲ್ಕು ಪಟ್ಟಾದರೆ ಕ್ಷ² ದಲ್ಲಿ, ಎಂಟು ಪಟ್ಟಾದರೆ ಕ್ಷ³ ದಲ್ಲಿ. ಇದಾವುದೂ ಅಲ್ಲದಿದ್ದರೆ ಒಂದಕ್ಕಿಂತ ಹೆಚ್ಚು ಕಡೆ ಕೆಟ್ಟಿದೆ.

ಮಗುವಿನ ಉತ್ತರ 2ಕ್ಷ³ − 5ಕ್ಷ² + 22ಕ್ಷ + 15 ಎಂದಿರಲಿ. ಕ್ಷ = 1 ರಲ್ಲಿ 34 ಬರುತ್ತದೆ, ಬರಬೇಕಾದದ್ದು 10, ವ್ಯತ್ಯಾಸ 24. ಕ್ಷ = 2 ರಲ್ಲಿ 55, ಬರಬೇಕಾದದ್ದು 7, ವ್ಯತ್ಯಾಸ 48. ಎರಡು ಪಟ್ಟು, ಅಂದರೆ ಕ್ಷ ಪದವೊಂದೇ ಕೆಟ್ಟಿದೆ. ಆ ಓರೆ ಸಾಲಿನಲ್ಲಿರುವುದು 10 ಮತ್ತು −12. ವ್ಯತ್ಯಾಸ 24 ಅನ್ನುವುದು 12 ರ ಇಮ್ಮಡಿ. ಚಿಹ್ನೆ ತಿರುಗಿದಾಗ ವ್ಯತ್ಯಾಸ ಯಾವಾಗಲೂ ಇಮ್ಮಡಿಯಾಗುತ್ತದೆ, ಏಕೆಂದರೆ ಕಳೆಯಬೇಕಾದದ್ದನ್ನು ಬಿಟ್ಟದ್ದಲ್ಲದೆ ಮೇಲಿಂದ ಕೂಡಿಸಿಯೂ ಆಗಿದೆ. ಹಾಗಾಗಿ 3 × (−4ಕ್ಷ) ದಲ್ಲಿ ಕಳೆಯ ಚಿಹ್ನೆ ಬಿದ್ದುಹೋಗಿದೆ. ಲೆಕ್ಕವನ್ನು ಮತ್ತೆ ಮಾಡದೆಯೇ ತಪ್ಪಿದ ಗುಣಲಬ್ಧಕ್ಕೆ ಬೆರಳಿಟ್ಟದ್ದಾಯಿತು.

ಉತ್ತರ 2ಕ್ಷ³ − 5ಕ್ಷ² + 10ಕ್ಷ + 15 ಆಗಿದ್ದರೆ ವ್ಯತ್ಯಾಸಗಳು 12 ಮತ್ತು 24. ಜಾಗ ಅದೇ ಕ್ಷ ಪದ. ಈ ಸಲ ವ್ಯತ್ಯಾಸ 12 ಕ್ಕೇ ಸಮ, ಇಮ್ಮಡಿ ಅಲ್ಲ. ಆ ಗುಣಲಬ್ಧವನ್ನು ಬರೆದೇ ಇಲ್ಲ. ಅಂಚಿನ ಆರು ಗುರುತುಗಳನ್ನು ಎಣಿಸಿದ್ದರೆ ಐದೇ ಸಿಗುತ್ತಿದ್ದವು.

ಮೂರನೆಯದು ಕಳ್ಳತಪ್ಪು. 2ಕ್ಷ × ಕ್ಷ² = 2ಕ್ಷ² ಎಂದು ಬರೆದ ಮಗುವಿಗೆ −3ಕ್ಷ² − 2ಕ್ಷ + 15 ಬರುತ್ತದೆ. ಕ್ಷ = 1 ಹಾಕಿದರೆ 10, ಸರಿಯಾಗಿಯೇ ಕಾಣುತ್ತದೆ. ಕ್ಷ = 2 ಹಾಕಿದರೆ 7 ರ ಬದಲು −1. ಒಂದರಲ್ಲಿ ಪಾಸು, ಎರಡರಲ್ಲಿ ಫೇಲು ಎಂದರೆ ಸಂಖ್ಯೆಗಳು ಸಾಮಾನ್ಯವಾಗಿ ಸರಿಯಿದ್ದು, ಒಂದು ಪದ ತನ್ನ ಘಾತ ಬಿಟ್ಟು ಬೇರೆ ಘಾತಕ್ಕೆ ಹೋಗಿ ಕೂತಿರುತ್ತದೆ. ಕ್ಷ = 1 ಒಂದನ್ನೇ ನಂಬಿ ತಾಳೆ ನೋಡುವ ರೂಢಿ ಇಲ್ಲೇ ಮೋಸ ಹೋಗುವುದು. ಇಂಥ ಮಗುವಿಗೆ ಗುಣಾಕಾರದ ಅಭ್ಯಾಸ ಹೆಚ್ಚಿಸಿ ಪ್ರಯೋಜನವಿಲ್ಲ. ಕ್ಷ × ಕ್ಷ² ಎಂದರೆ ಕ್ಷ × ಕ್ಷ × ಕ್ಷ ಎಂದು ಬಿಡಿಸಿ ಬರೆಸಿ, ಎಷ್ಟು ಕ್ಷ ನಿಂತಿವೆ ಎಂದು ಎಣಿಸಲು ಹೇಳಿ. ಕ್ಷ² + ಕ್ಷ² = ಕ್ಷ⁴ ಎಂದು ಬರೆಯುವವರಿಗೆ ಮಾತ್ರ ಕ್ಷ ಎಣಿಸಲು ಹೇಳಬೇಡಿ, ಕ್ಷ² ಎಷ್ಟಿವೆ ಎಂದು ಎಣಿಸಲು ಹೇಳಿ: ಎರಡು, ಅಂದರೆ 2ಕ್ಷ².

ಗುಂಟೆ ಲೆಕ್ಕ

(ಅ + ಬ)² = ಅ² + ಬ² ಎಂಬ ತಪ್ಪಿಗೆ ಸೂತ್ರವನ್ನು ಹತ್ತು ಸಲ ಬರೆಸುವುದು ದಂಡ. ನಮ್ಮ ಕಡೆ ಹೊಲದ ಲೆಕ್ಕ ಮನೆಮನೆಗೆ ಗೊತ್ತು: ಗುಂಟೆ ಎಂದರೆ 33 ಅಡಿಗೆ 33 ಅಡಿ, 1089 ಚದರ ಅಡಿ, 40 ಗುಂಟೆಗೆ ಒಂದು ಎಕರೆ. 33 ನ್ನು 30 + 3 ಎಂದು ಒಡೆದು ಹಾಳೆಯ ಮೇಲೆ ಗುಂಟೆಯ ಚಿತ್ರ ತೆಗೆಸಿ. ಒಂದು ಮೂಲೆಗೆ 30 × 30 ರ ದೊಡ್ಡ ತುಂಡು 900. ಒಂದು ಬದಿಗೆ 30 × 3 ರ ಪಟ್ಟಿ 90, ಇನ್ನೊಂದು ಬದಿಗೆ ಅಂಥದೇ 90. ಎದುರು ಮೂಲೆಯಲ್ಲಿ 3 × 3 ರ ತುಣುಕು 9. ಒಟ್ಟು 1089. ಮಗುವಿನ ಸೂತ್ರದಂತೆ 900 + 9 = 909 ಆದರೆ ಗುಂಟೆಗೆ 180 ಚದರ ಅಡಿ, ಎಕರೆಗೆ 7200 ಚದರ ಅಡಿ ಯಾರೋ ಒತ್ತುವರಿ ಮಾಡಿದ ಹಾಗೆ. 2ಅಬ ಎಲ್ಲಿಂದ ಬಂತು ಎಂದು ಮತ್ತೆ ಕೇಳುವುದಿಲ್ಲ, ಆ ಎರಡು ಪಟ್ಟಿಗಳೇ ಅವು.

(ಅ − ಬ)² ಕ್ಕೂ ಅದೇ 33 ಸಾಕು. 40 − 7 ಎಂದು ಒಡೆದರೆ 1600 − 560 + 49 = 1089. ಕೊನೆಯ 49 ನ್ನು ಕಳೆದು, 560 ನ್ನು ಮರೆತು 1551 ತರುವವರು (ಅ − ಬ)² ಮತ್ತು ಅ² − ಬ² ಎರಡನ್ನೂ ಒಂದೇ ಎಂದುಕೊಂಡಿರುತ್ತಾರೆ.

ಭಾಗಾಕಾರ: ಖಾಲಿ ಮನೆಗೆ ಸೊನ್ನೆ

ಕ್ಷ³ − 7ಕ್ಷ + 6 ನ್ನು ಕ್ಷ − 2 ರಿಂದ ಭಾಗಿಸಬೇಕು. ಭಾಜ್ಯದಲ್ಲಿ ಕ್ಷ² ಇಲ್ಲ. ಇದ್ದದ್ದನ್ನಷ್ಟೇ ಬರೆದುಕೊಂಡು ಶುರು ಮಾಡಿದರೆ ಹೀಗಾಗುತ್ತದೆ: ಭಾಗಲಬ್ಧದಲ್ಲಿ ಕ್ಷ², ಗುಣಿಸಿದಾಗ ಕ್ಷ³ − 2ಕ್ಷ². ಈ −2ಕ್ಷ² ಹೋಗಿ −7ಕ್ಷ ದ ಕೆಳಗೆ ಕೂರುತ್ತದೆ. ಮಗು −7 ರಿಂದ −2 ಕಳೆದು −5ಕ್ಷ ಎನ್ನುತ್ತದೆ. ಮುಂದೆ −5, ಗುಣಿಸಿದರೆ −5ಕ್ಷ + 10, ಶೇಷ −4. ಭಾಗಲಬ್ಧ ಕ್ಷ² − 5. ಪ್ರತಿ ಹೆಜ್ಜೆಯ ವಜಾಬಾಕಿಯೂ ಸರಿ, ಉತ್ತರ ಮಾತ್ರ ತಪ್ಪು. ಅದಕ್ಕೇ ಈ ತಪ್ಪನ್ನು ಮಗು ಎಷ್ಟು ಸಲ ತಿರುವಿ ನೋಡಿದರೂ ಹಿಡಿಯಲಾರದು.

ಟೆಸ್ಟರ್ ಹಿಡಿಯುತ್ತದೆ. ಭಾಗಾಕಾರದಲ್ಲಿ ಭಾಜಕ × ಭಾಗಲಬ್ಧ + ಶೇಷ ಭಾಜ್ಯಕ್ಕೆ ಸಮನಾಗಬೇಕು. ಕ್ಷ = 1: (−1) × (−4) + (−4) = 0, ಭಾಜ್ಯವೂ 1 − 7 + 6 = 0. ಪಾಸು. ಕ್ಷ = 2: ಭಾಜಕ ಸೊನ್ನೆಯಾಗಿ ಶೇಷ −4 ಉಳಿಯುತ್ತದೆ, ಭಾಜ್ಯ 8 − 14 + 6 = 0. ಫೇಲು. ಒಂದರಲ್ಲಿ ಪಾಸು, ಎರಡರಲ್ಲಿ ಫೇಲು: ಮೇಲೆ ಕಂಡ ಅದೇ ಲಕ್ಷಣ, ಪದ ಬೇರೆ ಘಾತದ ಮನೆಗೆ ಹೋಗಿದೆ.

ಸರಿಯಾಗಿ ಮಾಡುವುದು ಹೀಗೆ. ಭಾಜ್ಯವನ್ನು ಕ್ಷ³ + 0ಕ್ಷ² − 7ಕ್ಷ + 6 ಎಂದು ಬರೆಯಿರಿ.

ಮೊದಲ ಪದ ಕ್ಷ². ಗುಣಿಸಿದರೆ ಕ್ಷ³ − 2ಕ್ಷ². ಕಳೆದರೆ 2ಕ್ಷ² − 7ಕ್ಷ.
ಎರಡನೆಯ ಪದ 2ಕ್ಷ. ಗುಣಿಸಿದರೆ 2ಕ್ಷ² − 4ಕ್ಷ. ಕಳೆದರೆ −3ಕ್ಷ + 6.
ಮೂರನೆಯ ಪದ −3. ಗುಣಿಸಿದರೆ −3ಕ್ಷ + 6. ಕಳೆದರೆ 0.

ಭಾಗಲಬ್ಧ ಕ್ಷ² + 2ಕ್ಷ − 3, ಶೇಷ ಸೊನ್ನೆ.

"ಇಲ್ಲದ ಪದವನ್ನು ಯಾಕೆ ಬರೆಯಬೇಕು" ಎಂದು ಕೇಳುವ ಮಗುವಿಗೆ 204 ರ ನಡುವಿನ ಸೊನ್ನೆ ತೋರಿಸಿ. ಅದನ್ನು ಬಿಟ್ಟರೆ 24. ಈ ಪದ್ಧತಿ ಹಳೆಯದು ಕೂಡ. ಒಂಬತ್ತನೇ ಶತಮಾನದ ಗಣಿತಜ್ಞ ಪೃಥೂದಕಸ್ವಾಮಿ 10ಕ್ಷ − 8 = ಕ್ಷ² + 1 ಎಂಬ ಸಮೀಕರಣವನ್ನು ಎರಡು ಸಾಲಾಗಿ ಬರೆಯುವಾಗ ಮೇಲಿನ ಸಾಲಿನಲ್ಲಿ ವರ್ಗದ ಜಾಗಕ್ಕೂ ಕೆಳಗಿನ ಸಾಲಿನಲ್ಲಿ ಅವ್ಯಕ್ತದ, ಅಂದರೆ ಕ್ಷ ದ, ಜಾಗಕ್ಕೂ ಸೊನ್ನೆ ಇಟ್ಟು, ಮನೆ ಕೆಳಗೆ ಮನೆ ಬರುವಂತೆ ಜೋಡಿಸಿದ್ದ. 1114 ರಲ್ಲಿ ಹುಟ್ಟಿದ ಭಾಸ್ಕರಾಚಾರ್ಯನ ಬೀಜಗಣಿತದಲ್ಲಿ ಋಣಸಂಖ್ಯೆಯ ತಲೆಯ ಮೇಲೆ ಚುಕ್ಕಿ ಇಡುವ ರೂಢಿ ಇದೆ. ಅವನ ಊರಾದ ವಿಜ್ಜಡವಿಡ ನಮ್ಮ ವಿಜಯಪುರವೇ ಎಂದು ಒಂದು ವಾದ, ಮಹಾರಾಷ್ಟ್ರದ ಚಾಳೀಸಗಾಂವ ಬಳಿಯ ಪಾಟಣ ಎಂದು ಇನ್ನೊಂದು. ಊರು ಯಾವುದಾದರೂ ಆಗಲಿ, ಆ ಚುಕ್ಕಿ ಕುಳಿತಿದ್ದದ್ದು ಸಂಖ್ಯೆಯ ಮೈಮೇಲೇ. ನಮ್ಮ ಕಳೆಯ ಚಿಹ್ನೆ ಪದದ ಮುಂದೆ ಬಿಡಿಯಾಗಿ ನಿಲ್ಲುವುದರಿಂದಲೇ ಹೆಜ್ಜೆಹೆಜ್ಜೆಗೆ ಉದುರುತ್ತದೆ. ಪದವನ್ನು ಕೆಳಗಿಳಿಸುವಾಗ ಚಿಹ್ನೆಸಮೇತ ದುಂಡಗೆ ಸುತ್ತು ಹಾಕಿ ಇಳಿಸುವ ಅಭ್ಯಾಸ ಮಾಡಿಸಿ.

ಅಂಕಿಗಳು ಉಬ್ಬಿದರೆ ವಜಾಬಾಕಿ ನೋಡಿ

3ಕ್ಷ³ − 5ಕ್ಷ² + 4ಕ್ಷ − 9 ನ್ನು ಕ್ಷ² − 2ಕ್ಷ + 1 ರಿಂದ ಭಾಗಿಸಿ. ಮೊದಲ ಪದ 3ಕ್ಷ, ಗುಣಿಸಿದರೆ 3ಕ್ಷ³ − 6ಕ್ಷ² + 3ಕ್ಷ. ಕಳೆದರೆ ಕ್ಷ² + ಕ್ಷ − 9. ಮುಂದಿನ ಪದ 1, ಗುಣಿಸಿದರೆ ಕ್ಷ² − 2ಕ್ಷ + 1, ಕಳೆದರೆ 3ಕ್ಷ − 10. ಭಾಗಲಬ್ಧ 3ಕ್ಷ + 1, ಶೇಷ 3ಕ್ಷ − 10.

ಇಲ್ಲಿ ಬರುವ ತಪ್ಪುಗಳಲ್ಲಿ ದೊಡ್ಡ ಪಾಲು ಒಂದೇ: ಕಳೆಯುವಾಗ ಮೊದಲ ಪದದ ಚಿಹ್ನೆಯನ್ನಷ್ಟೇ ಬದಲಿಸುವುದು. ಮೊದಲ ಪದ ಹೇಗೂ ಸೊನ್ನೆಯಾಗಬೇಕು ಎಂದು ಗೊತ್ತಿರುವುದರಿಂದ ಅಲ್ಲಿ ಕೈ ತಾನಾಗಿ ಸರಿ ನಡೆಯುತ್ತದೆ, ಮುಂದಿನ ಪದಗಳಿಗೆ ಬರುವಷ್ಟರಲ್ಲಿ ಕೂಡಿಸತೊಡಗುತ್ತದೆ. ಆಗ −5 ಮತ್ತು −6 ಸೇರಿ −11ಕ್ಷ², 4 ಮತ್ತು 3 ಸೇರಿ 7ಕ್ಷ. ಮುಂದಿನ ಹೆಜ್ಜೆಯಲ್ಲಿ 29ಕ್ಷ − 20 ಎಂಬ ಶೇಷ. ಭಾಜ್ಯದಲ್ಲಿ 9 ಕ್ಕಿಂತ ದೊಡ್ಡ ಅಂಕಿ ಇಲ್ಲದಿರುವಾಗ 29 ಎಲ್ಲಿಂದ ಬಂತು? ಅಂಕಿಗಳು ಹೀಗೆ ಉಬ್ಬುವುದು ಯಾವಾಗಲೂ ತಪ್ಪೇ ಅಲ್ಲ, ಭಾಜಕದ ಸಹಗುಣಕಗಳು ದೊಡ್ಡವಿದ್ದರೆ ನಿಜವಾಗಿಯೂ ಉಬ್ಬುತ್ತವೆ. ಸಣ್ಣ ಅಂಕಿಗಳ ಲೆಕ್ಕದಲ್ಲಿ ಕಂಡರೆ ಮಾತ್ರ ಮೊದಲ ಸಂಶಯ ವಜಾಬಾಕಿಯ ಮೇಲಿರಲಿ.

ಮದ್ದು: ಕಳೆಯಬೇಕಾದ ಸಾಲಿನ ಪ್ರತಿ ಪದದ ಕೆಳಗೂ ಹೊಸ ಚಿಹ್ನೆಯನ್ನು ಬೇರೆ ಬಣ್ಣದ ಪೆನ್ನಿನಿಂದ ಬರೆದ ಮೇಲೆಯೇ ಕೂಡಿಸುವುದಕ್ಕೆ ಕೈ ಹಾಕಬೇಕು. ಒಂದೊಂದು ಪದಕ್ಕೆ ಚಿಹ್ನೆ ಬದಲಿಸಿ ಅಲ್ಲಲ್ಲೇ ಕೂಡಿಸುತ್ತ ಹೋಗುವುದು ಬೇಡ. ಎರಡು ಕೆಲಸ ಒಟ್ಟಿಗೆ ನಡೆದಾಗಲೇ ಕೈ ತಪ್ಪುವುದು.

ಈ ಲೆಕ್ಕದಲ್ಲಿ ಕ್ಷ = 1 ಹಾಕಿದರೆ ಭಾಜಕ 1 − 2 + 1 = 0. ಆಗ ಭಾಗಲಬ್ಧದಲ್ಲಿ ಏನು ಬರೆದಿದ್ದರೂ ಗೊತ್ತಾಗುವುದಿಲ್ಲ, ಶೇಷವೊಂದೇ ಪರೀಕ್ಷೆಯಾಗುತ್ತದೆ: 3 − 10 = −7, ಭಾಜ್ಯವೂ −7. ಭಾಗಲಬ್ಧವನ್ನು ನೋಡಲು ಭಾಜಕ ಸೊನ್ನೆಯಾಗದ ಬೆಲೆ ಬೇಕು. ಕ್ಷ = 2: 1 × 7 + (−4) = 3, ಭಾಜ್ಯ 24 − 20 + 8 − 9 = 3. ಸರಿ.

ಎಲ್ಲಿ ನಿಲ್ಲಿಸಬೇಕು ಎಂಬುದಕ್ಕೆ ಒಂದೇ ನಿಯಮ. ಶೇಷದ ಘಾತ ಭಾಜಕದ ಘಾತಕ್ಕಿಂತ ಕಡಿಮೆಯಾದ ಕ್ಷಣ ನಿಲ್ಲಬೇಕು. ಶೇಷ ಯಾವಾಗಲೂ ಬರೀ ಸಂಖ್ಯೆಯಾಗಿರಬೇಕು ಎಂದುಕೊಂಡ ಮಕ್ಕಳು 3ಕ್ಷ − 10 ನ್ನು ಮತ್ತೆ ಕ್ಷ² ದಿಂದ ಭಾಗಿಸಲು ಹೊರಟು ಭಾಗಲಬ್ಧದಲ್ಲಿ 3/ಕ್ಷ ಬರೆಯುತ್ತಾರೆ. ಭಾಗಲಬ್ಧದಲ್ಲಿ ಛೇದಕ್ಕೆ ಕ್ಷ ಬಂತೆಂದರೆ ಒಂದು ಹೆಜ್ಜೆ ಹೆಚ್ಚು ನಡೆದಿದ್ದೀರಿ.

ಏಕಪದೋಕ್ತಿಯಿಂದ ಭಾಗಿಸುವಾಗ

(6ಕ್ಷ³ + 4ಕ್ಷ² + 2ಕ್ಷ) ÷ 2ಕ್ಷ ಕ್ಕೆ ಉತ್ತರ 3ಕ್ಷ² + 2ಕ್ಷ + 1. ಕೊನೆಯ 1 ಮಾಯವಾಗಿರುವುದೇ ಸಾಮಾನ್ಯ ದೋಷ, "ಹೊಡೆದುಹೋಯ್ತು" ಎಂಬ ಮಾತು ಅದಕ್ಕೆ ಕಾರಣ. ಹೊಡೆದರೆ ಉಳಿಯುವುದು ಸೊನ್ನೆಯಲ್ಲ, ಒಂದು. ಮೂರು ಪದ ಭಾಗಿಸಿದರೆ ಮೂರು ಪದ ಬರಬೇಕು ಎಂದು ಎಣಿಸಿದರೆ ಸಾಕು. (ಕ್ಷ + 6)/6 ರಲ್ಲಿ 6 ನ್ನು 6 ಕ್ಕೆ ಹೊಡೆದು ಕ್ಷ ಎಂದು ಬರೆಯುವುದೂ ಇದೇ ಮನೆಯದು; ಕ್ಷ = 6 ಹಾಕಿ ನೋಡಿದರೆ 2 ಮತ್ತು 6 ಎಂದು ತಾನೇ ಬಯಲಾಗುತ್ತದೆ.

ತಪ್ಪಿನ ಬೇರು ಕೆಳಗಿನ ತರಗತಿಯಲ್ಲಿದ್ದರೆ

ಮೇಲಿನದೆಲ್ಲ ಮಾಡಿದರೂ ತಪ್ಪು ಜಾಗ ಬದಲಿಸುತ್ತ ಓಡಾಡುತ್ತಿದ್ದರೆ ಬಹುಪದೋಕ್ತಿಯನ್ನು ಒಂದು ವಾರ ಪಕ್ಕಕ್ಕಿಡಿ. ನಾಲ್ಕು ಪ್ರಶ್ನೆ ಬಾಯಿಲೆಕ್ಕವಾಗಿ ಕೇಳಿ: −7 − (−2) ಎಷ್ಟು, 3 × (−4) ಎಷ್ಟು, 5ಕ್ಷ − 8ಕ್ಷ ಎಷ್ಟು, −(ಕ್ಷ − 4) ಎಷ್ಟು. ಉತ್ತರಗಳು −5, −12, −3ಕ್ಷ, −ಕ್ಷ + 4. ಮೊದಲೆರಡು ತಡವರಿಸಿದರೆ ಕೊರತೆ ಪೂರ್ಣಾಂಕಗಳದ್ದು. ಮೂರನೆಯದು ತಪ್ಪಿದರೆ ಸಜಾತಿ ಪದ. ನಾಲ್ಕನೆಯದೊಂದೇ ತಪ್ಪಿದರೆ ಆವರಣ ಬಿಡಿಸುವುದು, ಮತ್ತು ಆ ಮಗು ಭಾಗಾಕಾರದಲ್ಲಿ ಮೊದಲ ಪದದ ಚಿಹ್ನೆಯನ್ನಷ್ಟೇ ಬದಲಿಸುತ್ತಿರುವುದು ಬಹುತೇಕ ಖಾತ್ರಿ.

ಸಂಶ್ಲೇಷಿತ ಭಾಗಾಕಾರದಲ್ಲಿ ಭಾಜಕದ ಮುಂದೆ ಅಂಕಿ ಇದ್ದರೆ

ಭಾಜಕವನ್ನು ಸೊನ್ನೆ ಮಾಡುವ ಸಂಖ್ಯೆಯನ್ನು ಹೊರಗಿಟ್ಟು, ಸಹಗುಣಕಗಳನ್ನಷ್ಟೇ ಸಾಲಾಗಿ ಬರೆದು ಭಾಗಿಸುವ ಈ ವಿಧಾನ ಬಲ್ಲವರಿಗೂ ಕೈಕೊಡುವ ಜಾಗ ಒಂದಿದೆ. 6ಕ್ಷ² + ಕ್ಷ − 5 ನ್ನು 2ಕ್ಷ + 3 ರಿಂದ ಭಾಗಿಸಬೇಕು. ಹೊರಗಿಡುವ ಸಂಖ್ಯೆ −3/2. ಇದು 3/2 ಆಗಿದ್ದರೆ ಅಲ್ಲೇ ಮೊದಲ ತಪ್ಪು. 6 ನ್ನು ಇಳಿಸಿ; −3/2 × 6 = −9, 1 ಕ್ಕೆ ಕೂಡಿದರೆ −8; −3/2 × −8 = 12, −5 ಕ್ಕೆ ಕೂಡಿದರೆ 7. ಕೆಳಗಿನ ಸಾಲು 6, −8, 7.

ಇದನ್ನು ಭಾಗಲಬ್ಧ 6ಕ್ಷ − 8, ಶೇಷ 7 ಎಂದು ಓದಿದರೆ ತಪ್ಪು. ನಾವು ಭಾಗಿಸಿದ್ದು ಕ್ಷ + 3/2 ರಿಂದ, ಪ್ರಶ್ನೆಯಲ್ಲಿರುವ ಭಾಜಕ ಅದರ ಇಮ್ಮಡಿ. ಭಾಜಕ ಇಮ್ಮಡಿಯಾದಾಗ ಭಾಗಲಬ್ಧ ಅರ್ಧವಾಗಬೇಕು: 3ಕ್ಷ − 4. ಶೇಷ 7 ಹಾಗೇ ಇರುತ್ತದೆ, ಅದು ಭಾಜಕ–ಭಾಗಲಬ್ಧಗಳ ಗುಣಲಬ್ಧದ ಹೊರಗಿದೆ. ಕ್ಷ = 0 ಹಾಕಿ: 3 × (−4) + 7 = −5, ಭಾಜ್ಯಕ್ಕೆ ತಾಳೆ. ಭಾಗಲಬ್ಧವನ್ನು ಅರ್ಧ ಮಾಡದಿದ್ದವರಿಗೆ −17 ಬರುತ್ತದೆ. ಶೇಷವನ್ನೂ ಸೇರಿಸಿ ಅರ್ಧ ಮಾಡಿದವರಿಗೆ −8.5.